ಎದೆಗೆ ಕಟ್ಟಿಕೊಂಡ ಮುದ್ದೆ

ಮೊನ್ನೆ ನಮ್ಮ ಕುಲುಮೆಗೆ ಒಂದು ರಿಕಾಬು ದುರಸ್ತಿಗೆ ಬಂತು. ಕುದುರೆ ಸವಾರ ಕಾಲಿಡುತ್ತಾನಲ್ಲ, ಆ ಕಬ್ಬಿಣದ ಬಳೆ. ಒಂದು ಮಗ್ಗುಲು ಬಿರುಕು ಬಿಟ್ಟಿತ್ತು, ಅಷ್ಟೆ. ಬೆಸೆಯುವುದಕ್ಕೆ ಎಷ್ಟು ಹೊತ್ತು ಬೇಕು? ಆದರೆ ಅದನ್ನು ಕೈಗೆ ತೆಗೆದುಕೊಂಡ ಕೂಡಲೇ ನನ್ನ ಕಾಲಿನ ಬೆರಳುಗಳು ತಮ್ಮಷ್ಟಕ್ಕೆ ತಾವೇ ಮುದುರಿಕೊಂಡವು. ಎದುರಿಗೆ ಕೆಂಡ ನಿಗಿನಿಗಿ ಅನ್ನುತ್ತಿದೆ, ಬೆನ್ನ ಮೇಲೆ ಬೆವರು ಇಳಿಯುತ್ತಿದೆ, ಕಾಲ್ಬೆರಳಿಗೆ ಮಾತ್ರ ಮಾರ್ಗಶಿರದ ಚಳಿ. ತಿದಿ ಒತ್ತುತ್ತಿದ್ದ ನನ್ನ ಹೆಂಡತಿ ಏನಾಯಿತೆಂದು ಕೇಳಿದಳು. ಏನೂ ಇಲ್ಲ ಎಂದೆ. ಏನೂ ಇಲ್ಲ ಎಂದವನು ರಿಕಾಬನ್ನು ಬೆಂಕಿಗೆ ಹಾಕುವುದು ಬಿಟ್ಟು ಅವಳಿಗೆ ಕತೆ ಹೇಳುತ್ತಾ ಕೂತುಬಿಟ್ಟೆ. ಅವಳು ಆ ಕತೆಯನ್ನು ಹಿಂದೆಯೂ ಕೇಳಿದ್ದಾಳೆ. ನೀವು ಕೇಳಿಲ್ಲ, ಆದ್ದರಿಂದ ನಿಮಗೂ ಹೇಳುತ್ತೇನೆ.

ಈಗ ನಾನು ಹಿರೋಡೆಯಲ್ಲಿ ನೇಗಿಲ ಗುಳ ತಟ್ಟಿಕೊಂಡಿರುವ ಕಮ್ಮಾರ. ಆದರೆ ಕೆಲವು ವರ್ಷ ಪಟ್ಟಣದಲ್ಲಿ, ಸುಲ್ತಾನರ ಸರ್ಕಾರದಲ್ಲಿ, ಸವಾರನಾಗಿದ್ದೆ. ಸವಾರ ಎಂದ ಕೂಡಲೇ ನೀವು ಕತ್ತಿ, ಗುರಾಣಿ, ಮೀಸೆ ಎಂದೆಲ್ಲ ಯೋಚಿಸಬೇಡಿ. ಮೀಸೆ ಇತ್ತು, ಉಳಿದದ್ದು ಇರಲಿಲ್ಲ. ಕೋಟೆಯಿಂದ ಸುತ್ತಲ ಊರುಗಳಿಗೆ ಸಣ್ಣಪುಟ್ಟ ಸಾಮಾನು, ಬಾಯಿಮಾತಿನ ಅಪ್ಪಣೆ ಇವನ್ನು ಮುಟ್ಟಿಸಿ ಬರುವುದು ನನ್ನ ಕೆಲಸ. ಹಿರೋಡೆ, ಅತ್ತಿಗುಪ್ಪೆ, ನಾಗಮಂಗಲ ಇವು ನನ್ನ ದಾರಿಗಳು. ಬೇಸಿಗೆಯಲ್ಲಿ ರಾಜನ ಹಾಗೆ ಹೋಗಿ ಬರುತ್ತಿದ್ದೆ. ದೀಪಾವಳಿ ಕಳೆಯಿತೋ, ನನ್ನ ರಾಜ್ಯಭಾರ ಮುಗಿಯಿತು.

ಕುದುರೆಯ ಮೇಲೆ ಕೂತವನ ಚಳಿ ಬೇರೆ, ನೆಲದ ಮೇಲೆ ನಡೆಯುವವನ ಚಳಿ ಬೇರೆ. ಕುದುರೆ ಹತ್ತದವರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. ನಡೆಯುವವನ ಮೈ ಆಡುತ್ತದೆ, ಒಂದಷ್ಟು ದೂರ ಹೋದರೆ ಬಿಸಿಯಾಗುತ್ತದೆ. ಸವಾರನ ಪಾಡು ಹಾಗಲ್ಲ. ಕೆಳಗೆ ಕುದುರೆ ಓಡಿ ಓಡಿ ಬೆವರುತ್ತಿರುತ್ತದೆ, ಮೇಲೆ ಇವನು ಕೂತಲ್ಲೇ ಮರಗಟ್ಟುತ್ತಿರುತ್ತಾನೆ. ಎಲೆ ಅಲುಗದ ಬೆಳಗಿನಲ್ಲೂ ಕುದುರೆ ಓಡಿತೆಂದರೆ ಗಾಳಿ ಹುಟ್ಟಿಕೊಳ್ಳುತ್ತದೆ. ಮೊದಲು ಮೂಗಿನ ತುದಿ ಹೋಗುತ್ತದೆ, ಆಮೇಲೆ ಕಿವಿ, ಆಮೇಲೆ ಲಗಾಮು ಹಿಡಿದ ಬೆರಳು, ಕೊನೆಗೆ ಮಂಡಿ. ಮಂಡಿ ಹೋದ ಮೇಲೆ ಇಳಿಯುವುದು ಹೇಗೆ? ಒಂದು ಸಲ ನಾಗಮಂಗಲದ ಚಾವಡಿಯ ಮುಂದೆ ಇಳಿಯಲಾಗದೆ ಕುದುರೆಯ ಮೇಲೆ ಸುಮ್ಮನೆ ಕೂತೇ ಇದ್ದೆ. ಯಾರೋ ದೊಡ್ಡ ಅಧಿಕಾರಿ, ಮರ್ಯಾದೆ ಮಾಡದೆ ಇಳಿಯುವುದಿಲ್ಲ ಎಂದುಕೊಂಡು ಅಲ್ಲಿದ್ದವರೆಲ್ಲ ಎದ್ದು ಬಂದು ಸಲಾಮು ಹೊಡೆದರು. ನಾನೂ ಗಂಭೀರವಾಗಿ ತಲೆ ಆಡಿಸಿದೆ. ಆಮೇಲೆ ಇಬ್ಬರು ಹಿಡಿದು ಇಳಿಸಿದರು. ಇಳಿಸಿದ ಮೇಲೆ ಆ ಮರ್ಯಾದೆ ಉಳಿಯಲಿಲ್ಲ.

ನನಗೆ ಚಳಿ ತಡೆಯುವುದಿಲ್ಲ. ಇದರಲ್ಲಿ ನನ್ನ ತಪ್ಪೇನೂ ಇಲ್ಲ, ನಾನು ಹುಟ್ಟಿದ ಜಾಗದ ತಪ್ಪು. ನಮ್ಮ ಮನೆಯ ನಡುಗೋಡೆಯ ಆಚೆಗೆ ಕುಲುಮೆ, ಈಚೆಗೆ ನನ್ನ ತೊಟ್ಟಿಲು. ಬೆಳಗಿನಿಂದ ಸಂಜೆಯವರೆಗೆ ಆ ಗೋಡೆ ಬೆಚ್ಚಗಿರುತ್ತಿತ್ತು. ಬೆಕ್ಕು, ನಾನು, ಬಾಣಂತಿಯಾಗಿದ್ದ ಚಿಕ್ಕಮ್ಮ, ಮೂರೂ ಜನ ಆ ಗೋಡೆಗೆ ಬೆನ್ನು ಕೊಟ್ಟುಕೊಂಡೇ ಬೆಳೆದೆವು. ಎಲ್ಲರ ಮನೆಯ ಗೋಡೆಗಳೂ ಹೀಗೇ ಬೆಚ್ಚಗಿರುತ್ತವೆ ಎಂದು ನಾನು ನಂಬಿದ್ದೆ. ಮೇಲುಕೋಟೆ ಬೆಟ್ಟದ ಕೆಳಗಿನ ಒಂದು ಹಳ್ಳಿಗೆ ನಮ್ಮವ್ವ ನನ್ನನ್ನು ಯಾರದೋ ಮದುವೆಗೆ ಕರೆದುಕೊಂಡು ಹೋಗಿದ್ದಳು. ಮಲಗುವ ಹೊತ್ತಿಗೆ ಅಭ್ಯಾಸದಂತೆ ಗೋಡೆಗೆ ಒರಗಿದೆ. ಒರಗಿದವನು ಕಿರುಚಿಕೊಂಡು ಎದ್ದು, "ಅವ್ವಾ, ಇವ್ರ ಮನೆ ಗೋಡೆ ಸತ್ತೋಗದೆ" ಎಂದು ಅತ್ತೆನಂತೆ. ಮದುವೆ ಮನೆಯಲ್ಲಿ ಸತ್ತ ಮಾತು ಆಡಿದ್ದಕ್ಕೆ ಅವ್ವ ತಲೆಗೆ ಮೊಟಕಿದಳಂತೆ. ನೆಂಟರು ಈಗಲೂ ನನ್ನನ್ನು ಕಂಡರೆ ಗೋಡೆ ಹೇಗಿದೆ ಎಂದು ಕೇಳುವುದುಂಟು.

ಇಂಥವನು ಸವಾರ ಆದದ್ದು ಕುದುರೆಗಳಿಂದ. ಪಟ್ಟಣದ ಲಾಯಕ್ಕೆ ಲಾಳ ಕಟ್ಟಲು ನಮ್ಮಪ್ಪ ಹೋಗುವಾಗ ನಾನೂ ಹೋಗುತ್ತಿದ್ದೆ. ಲಾಳ ಹೊಡೆಯುವವನಿಗೆ ಕುದುರೆ ಒಲಿಯುವುದು ಅಪರೂಪ, ಆದರೆ ನನಗೆ ಅವು ಕಾಲು ಕೊಡುತ್ತಿದ್ದವು. ದಫೇದಾರ್ ಹುಸೇನ್ ಸಾಬರು ಅದನ್ನು ನೋಡಿ, ನಿಮ್ಮ ಮಗನನ್ನು ಸವಾರಿಗೆ ಕೊಡಿ ಎಂದು ಕೇಳಿದರು. ಬೆಂಕಿ ಬಿಟ್ಟು ಗಾಳಿಗೆ ಹೋಗುವ ಮಗನನ್ನು ಇದುವರೆಗೆ ನಮ್ಮ ವಂಶ ಕಂಡಿರಲಿಲ್ಲ ಎಂದು ಅಪ್ಪ ಗೊಣಗಿದ. ಗೊಣಗಿದರೂ ಕಳಿಸಿದ. ಅದು ಬೇಸಿಗೆ ಆಗಿತ್ತಾದ್ದರಿಂದ ನಾನೂ ಕುಣಿದುಕೊಂಡು ಹೋದೆ.

ಮೊದಲ ಚಳಿಗಾಲ ಬಂದ ಮೇಲೆ ಗೊತ್ತಾಯಿತು. ಆಮೇಲಿನ ನನ್ನ ಬದುಕೆಲ್ಲ ಮೈ ಬೆಚ್ಚಗಿಟ್ಟುಕೊಳ್ಳುವ ಉಪಾಯಗಳಲ್ಲೇ ಕಳೆಯಿತು. ಕೆಳಗೊಂದು ಅಂಗಿ, ಅದರ ಮೇಲೆ ಹತ್ತಿ ತುಂಬಿದ ಇನ್ನೊಂದು ಅಂಗಿ, ಎರಡರ ನಡುವೆ ಭತ್ತದ ಹುಲ್ಲು. ಹುಲ್ಲು ಚುಚ್ಚುತ್ತದೆ, ನಿಜ. ಆದರೆ ಗಾಳಿಯನ್ನು ಅದು ತಡೆಯುವ ಹಾಗೆ ಯಾವ ಸರದಾರನ ಶಾಲೂ ತಡೆಯುವುದಿಲ್ಲ. ಕಬ್ಬಿಣ ಚಳಿಯನ್ನು ಹೇಗೆ ಹೀರುತ್ತದೆಂದು ಕಮ್ಮಾರನ ಮಗನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಅದಕ್ಕೆ ರಿಕಾಬಿಗೆ ಆಡಿನ ಚರ್ಮ ಸುತ್ತುತ್ತಿದ್ದೆ. ಕಾಲಿಗೆ ಹಳೇ ಸೀರೆಯ ಪಟ್ಟಿ. ಕಿವಿಗೆ, ಮೂಗಿಗೆ ಹರಳೆಣ್ಣೆ. ಬಾಯಲ್ಲಿ ಮೆಣಸು, ಬೆಲ್ಲ. ಇವೆಲ್ಲದರ ಮೇಲೆ ಕುರುಬರ ಕರಿ ಕಂಬಳಿಯನ್ನು ಕೊಪ್ಪೆ ಹಾಕಿ ತಲೆಯಿಂದ ಮಂಡಿಯವರೆಗೆ ಇಳಿಬಿಟ್ಟುಕೊಂಡರೆ ಮುಗಿಯಿತು. ಬೆರಳಿಗೆ ತೀರಾ ಕಷ್ಟವಾದಾಗ ಒಂದೊಂದೇ ಕೈಯನ್ನು ಕುದುರೆಯ ಜೂಲಿನ ಕೆಳಗೆ ತೂರಿಸಿಡುತ್ತಿದ್ದೆ. ಅಲ್ಲಿ ಸದಾ ಬೆಚ್ಚಗಿರುತ್ತದೆ. ನೀವೂ ಎಂದಾದರೂ ಕುದುರೆ ಹತ್ತಿದರೆ ನೋಡಿ, ನನ್ನ ಹೆಸರು ಹೇಳುತ್ತೀರಿ.

ಜೊತೆಯ ಸವಾರರು ನನಗೆ ಬಣವೆ ಎಂದು ಹೆಸರಿಟ್ಟಿದ್ದರು. ಬಣವೆ ಹೊರಟಿತು, ಬಣವೆ ಬಂತು, ಬಣವೆಗೆ ಬೆಂಕಿ ಬಿದ್ದೀತು ದೂರ ನಿಲ್ಲಿ, ಹೀಗೆಲ್ಲ. ನನ್ನ ತಟ್ಟು, ಅದೇ ನನ್ನ ಗಿಡ್ಡ ಕುದುರೆ, ಅದೂ ಅವರ ಪಕ್ಷವೇ. ಎಲ್ಲಾದರೂ ನಿಂತೆವೆಂದರೆ ಕತ್ತು ಹಿಂದಕ್ಕೆ ತಿರುಗಿಸಿ ನನ್ನ ಅಂಗಿಯ ಸಂದಿಯಿಂದ ಹುಲ್ಲು ಎಳೆದು ತಿನ್ನುತ್ತಿತ್ತು. ಪಟ್ಟಣದಲ್ಲಿ ದಪ್ಪಗೆ ಹೊರಟವನು ಅತ್ತಿಗುಪ್ಪೆ ಮುಟ್ಟುವ ಹೊತ್ತಿಗೆ ಸಣ್ಣಗಾಗಿರುತ್ತಿದ್ದೆ. ಕುದುರೆಗೆ ಮೇವು ಹೊತ್ತುಕೊಂಡು ಕುದುರೆಯ ಮೇಲೆಯೇ ಕೂರುವ ಸವಾರ ಲೋಕದಲ್ಲಿ ಇನ್ನೊಬ್ಬನಿರಲಾರ.

ಇಷ್ಟಾದರೂ ಹೊಟ್ಟೆಯ ಹತ್ತಿರ ಒಂದು ಚಳಿ ಉಳಿದೇ ಇರುತ್ತಿತ್ತು. ಅದಕ್ಕೆ ಮದ್ದು ಕಂಡುಹಿಡಿದವಳು ಅವ್ವ. ಪಟ್ಟಣದಿಂದ ನಾಗಮಂಗಲಕ್ಕೆ ಹೋಗುವ ದಾರಿಯಲ್ಲೇ ನಮ್ಮ ಮನೆ. ಕೋಟೆ ಬಾಗಿಲು ತೆರೆದ ಕೂಡಲೇ ಹೊರಟು ಹೊಳೆ ದಾಟಿ ಬಂದರೆ ಅವ್ವ ಆಗತಾನೇ ಮುದ್ದೆ ಕಟ್ಟುತ್ತಿರುತ್ತಿದ್ದಳು. ತಿಂದು ಹೋಗುವಷ್ಟು ಹೊತ್ತು ನನಗಿಲ್ಲ. ಒಂದು ದಿನ, ಹೋಗುವಾಗ ತಿನ್ನಲಿ ಎಂದು ಬಿಸಿ ಮುದ್ದೆಯನ್ನು ಮುತ್ತುಗದ ಎಲೆಯಲ್ಲಿ ಸುತ್ತಿ, ಬಟ್ಟೆಯಲ್ಲಿ ಗಂಟು ಹಾಕಿ ಕೊಟ್ಟಳು. ಇಡುವುದಕ್ಕೆ ಬೇರೆ ಜಾಗವಿಲ್ಲದೆ ಅಂಗಿಯೊಳಗೆ ಹೊಟ್ಟೆಗೆ ಕಟ್ಟಿಕೊಂಡೆ. ಅಬ್ಬಬ್ಬಾ, ಆ ಸುಖವನ್ನು ಏನು ಹೇಳಲಿ. ರಾಗಿ ಮುದ್ದೆ ಬೇಗ ಆರುವುದಿಲ್ಲ, ನಿಮಗೆ ಗೊತ್ತಿರುವುದೇ. ಒಳಗೇ ಬಿಸಿ ಇಟ್ಟುಕೊಂಡು ಕೂತಿರುತ್ತದೆ. ಮೇಲುಕೋಟೆ ಬೆಟ್ಟದ ಮಗ್ಗುಲಿಗೆ ಬರುವವರೆಗೂ ಹೊಟ್ಟೆಯ ಮೇಲೆ ಒಂದು ಬೆಕ್ಕು ಮಲಗಿದ ಹಾಗಿತ್ತು. ಅಲ್ಲಿ ಬಿಸಿಲು ಬೀಳುವ ಹೊತ್ತಿಗೆ ಮುದ್ದೆಯೂ ಹದವಾಗಿ ಆರಿತ್ತು. ಬಿಚ್ಚಿ ಉಪ್ಪು ಮೆಣಸಿನಕಾಯಿ ನಂಚಿಕೊಂಡು ತಿಂದೆ. ಮೊದಲು ಹೊರಗಿನಿಂದ, ಆಮೇಲೆ ಒಳಗಿನಿಂದ, ಒಂದೇ ಮುದ್ದೆಯಲ್ಲಿ ಎರಡು ಕೆಲಸ. ಅಂದಿನಿಂದ ನಾಗಮಂಗಲದ ಪಾಳಿ ಯಾರಿಗಾದರೂ ಬೇಡವಾದರೆ ನಾನು ಕೇಳಿ ಹಾಕಿಸಿಕೊಳ್ಳುತ್ತಿದ್ದೆ.

ಆ ದಾರಿಯಲ್ಲೇ ನನಗೆ ಜವರಮ್ಮ ಪರಿಚಯವಾದದ್ದು. ನಾಗಮಂಗಲಕ್ಕೆ ಒಂದು ಹರದಾರಿ ಈಚೆ, ದಾರಿ ಪಕ್ಕದ ಹಳ್ಳಿಯ ಒಕ್ಕಲಗಿತ್ತಿ. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಬಾವಿಯ ಹತ್ತಿರ ನಾನು ಕುದುರೆಗೆ ನೀರು ಕುಡಿಸುವಾಗ ಮಜ್ಜಿಗೆ ತಂದು ಕೊಡುತ್ತಿದ್ದಳು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು. ಮಾತು ಕಡಿಮೆ, ಆಡಿದರೆ ನೇರ. ಆ ಕಾಲದಲ್ಲಿ ಸರ್ಕಾರ ಹೊಸದಾಗಿ ರೇಷ್ಮೆ ಹುಳ ಸಾಕುವುದನ್ನು ಊರೂರಿಗೆ ಹಬ್ಬಿಸಬೇಕೆಂದು ಹೊರಟಿತ್ತು. ಹುಳಕ್ಕೆ ಹಾಕುವ ಹಿಪ್ಪುನೇರಳೆ ಗಿಡವನ್ನು ಯಾರು ಬೆಳೆಸುತ್ತೀರಿ ಎಂದು ಕೇಳಿದಾಗ ಆ ಊರಿನಲ್ಲಿ ಒಪ್ಪಿದವಳು ಜವರಮ್ಮ ಒಬ್ಬಳೇ. ಬಾವಿಯ ಪಕ್ಕದ ರಾಗಿ ಹೊಲವನ್ನು ಬಿಟ್ಟು ಕಡ್ಡಿ ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದಳು. ಗಿಡವೇನೋ ಎದೆಮಟ್ಟ ಬಂತು. ಹುಳವೇ ಬರಲಿಲ್ಲ.

ಬರಲಿಲ್ಲ ಎಂದರೆ, ಮೊಟ್ಟೆ ಬಂತು. ರೇಷ್ಮೆ ಹುಳದ ಮೊಟ್ಟೆ ಸಾಸಿವೆಗಿಂತ ಸಣ್ಣದು, ಬಟ್ಟೆಯ ಮೇಲೆ ಗಸಗಸೆ ಅಂಟಿಸಿದ ಹಾಗೆ ಇರುತ್ತದೆ. ಅದನ್ನು ಪಟ್ಟಣದಿಂದ ಎರಡು ಸಲ ಎತ್ತಿನ ಗಾಡಿಯಲ್ಲಿ ಬುಟ್ಟಿಯೊಳಗಿಟ್ಟು ಕಳಿಸಿದ್ದರು. ಗಾಡಿ ಮಂಜಿನಲ್ಲಿ ದಾರಿಯುದ್ದಕ್ಕೂ ತೆವಳಿಕೊಂಡು ಬಂತು. ಎರಡು ಸಲವೂ ಒಂದು ಮರಿಯೂ ಆಚೆ ಬರಲಿಲ್ಲ. ಚಳಿಗೆ ಮೊಟ್ಟೆ ಒಳಗೇ ಸತ್ತಿತ್ತು. ಜವರಮ್ಮನ ಮೈದುನ ಬೋರೇಗೌಡ, ಅಂದರೆ ತೀರಿಹೋದ ಗಂಡನ ತಮ್ಮ, ಮೊದಲಿಂದಲೂ ಈ ಸೊಪ್ಪಿನ ತೋಟಕ್ಕೆ ವಿರೋಧ. ಉಣ್ಣುವ ರಾಗಿ ಬಿಟ್ಟು ಹುಳಕ್ಕೆ ಮೇವು ಬೆಳೆಯುವವರುಂಟೇ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಹೊಲ ಇಬ್ಬರದೂ. ಕೊನೆಗೆ ಅತ್ತಿಗೆ ಮೈದುನ ಊರ ಹಿರಿಯರ ಮುಂದೆ ಒಂದು ಮಾತಿಗೆ ಬಂದರು. ಇನ್ನು ಒಂದೇ ಸಲ ಮೊಟ್ಟೆ ತರಿಸುವುದು. ಮರಿ ಆಯಿತೋ, ತೋಟ ಜವರಮ್ಮನದು. ಆಗಲಿಲ್ಲವೋ, ಬೋರೇಗೌಡ ಗಿಡಗಳನ್ನೆಲ್ಲ ಅಗೆದು ತೆಗೆದು ರಾಗಿಗೆ ಹಸನು ಮಾಡುವುದು. ಈ ಮಾತನ್ನು ಅವಳೇ ಬಾವಿಯ ಹತ್ತಿರ ನನಗೆ ಹೇಳಿದಳು. ಹೇಳುವಾಗ ತೋಟದ ಕಡೆ ನೋಡಲಿಲ್ಲ, ಕುದುರೆ ನೀರು ಕುಡಿಯುವುದನ್ನೇ ನೋಡುತ್ತಿದ್ದಳು.

ಪಟ್ಟಣಕ್ಕೆ ಹೋಗಿ ಹುಸೇನ್ ಸಾಬರ ಹತ್ತಿರ ಇದನ್ನೆಲ್ಲ ಹೇಳಿದೆ. ಅವರು ಹುಕ್ಕ ಸೇದುತ್ತಾ ಕೇಳಿದರು. ಕೆಲವು ದಿನಗಳಾದ ಮೇಲೆ ಒಂದು ಸಂಜೆ ನನ್ನನ್ನು ಕರೆಸಿದರು. ಜೊತೆಯ ಸವಾರರೆಲ್ಲ ಅಲ್ಲೇ ಇದ್ದರು.

"ಕಾಳಾ, ಈ ಪಟ್ಟಣದಾಗೆ ನಿನ್ನಷ್ಟು ಚಳಿಗೆ ಅಂಜೋ ಸವಾರ ಇನ್ನೊಬ್ಬ ಇಲ್ಲ," ಎಂದರು. "ಅದ್ಕೇ ಈ ಕೆಲ್ಸಕ್ಕೆ ನೀನೇ ಸರಿ, ಬೇಟಾ. ಮೊಟ್ಟೆ ನಿನ್ನ ಎದೆ ಮ್ಯಾಲೆ ಓಗ್ಲಿ."

ಎಲ್ಲರೂ ನಕ್ಕರು. ಕೋಳಿ ಎಂದು ಒಬ್ಬ ಹೊಸ ಹೆಸರನ್ನೂ ಇಟ್ಟುಬಿಟ್ಟ. ನನಗೋ ಹೆಮ್ಮೆಯಾಯಿತು. ಹುಟ್ಟಿದಂದಿನಿಂದ ಯಾವುದಕ್ಕೆ ಬೈಸಿಕೊಂಡಿದ್ದೆನೋ ಅದಕ್ಕೇ ಸರ್ಕಾರ ನನ್ನನ್ನು ಆರಿಸಿತ್ತು. ಆ ಹೆಮ್ಮೆ ಬೆಳಿಗ್ಗೆ ಸರ್ಕಾರದ ಹುಳ ಸಾಕುವ ರೇಷ್ಮೆ ಮನೆಗೆ ಹೋಗುವವರೆಗೆ ಇತ್ತು. ಅಲ್ಲಿ ಹುಳ ನೋಡಿಕೊಳ್ಳುವ ಮುದುಕರು ಮೊಟ್ಟೆಯ ಬಟ್ಟೆಯನ್ನು ಕೈಗೆ ಕೊಡುವ ಮುಂಚೆ ನನ್ನನ್ನು ಮೂಸಿ ನೋಡಿದರು. ಹರಳೆಣ್ಣೆ ಆಗದು, ಒರೆಸಿಕೋ ಎಂದರು. ಒರೆಸಿಕೊಂಡೆ. ಹುಲ್ಲಿನ ಧೂಳು ಆಗದು, ತೆಗೆ ಎಂದರು. ತೆಗೆದೆ. ನನ್ನ ತಟ್ಟು ಅದನ್ನು ಅಲ್ಲೇ ತಿಂದು ಮುಗಿಸಿತು. ದಾರಿಯಲ್ಲಿ ಬೆಂಕಿ ಕಾಯಿಸಿಕೊಳ್ಳುವ ಹಾಗಿಲ್ಲ, ಹೊಗೆ ತಾಗಿದರೆ ಹುಳ ಉಳಿಯುವುದಿಲ್ಲ. ಚುಟ್ಟ ಸೇದುವ ಹಾಗಿಲ್ಲ. ಇನ್ನು ಒಂದೆರಡು ದಿನದಲ್ಲಿ ಮರಿ ಆಗುವ ಮೊಟ್ಟೆ ಇವು, ಮೈಯ ಬಿಸಿ ಸಾಕು, ಹೆಚ್ಚೂ ಬೇಡ ಕಡಿಮೆಯೂ ಬೇಡ ಎಂದರು. ನನ್ನ ಉಪಾಯಗಳನ್ನೆಲ್ಲ ಒಂದೊಂದಾಗಿ ಕಿತ್ತುಕೊಂಡು, ಮೊಟ್ಟೆಯ ಬಟ್ಟೆಯನ್ನು ನನ್ನ ಬರಿ ಎದೆಯ ಮೇಲೆ ಹರಡಿ, ಅದರ ಮೇಲೆ ಅಂಗಿ, ಅಂಗಿಯ ಮೇಲೆ ಕಂಬಳಿ ಹೊದಿಸಿ ಬೀಳ್ಕೊಟ್ಟರು.

ಹೊಳೆಯ ಮೇಲೆ ಮಂಜು ಎದ್ದು ನಿಂತಿತ್ತು. ಕುದುರೆಯ ಕಿವಿ ನನಗೆ ಕಾಣುತ್ತಿರಲಿಲ್ಲ. ಹುಲ್ಲಿಲ್ಲದ ಅಂಗಿಯೊಳಗೆ ಗಾಳಿ ತನ್ನ ಮನೆಯ ಹಾಗೆ ಓಡಾಡುತ್ತಿತ್ತು. ಹಲ್ಲು ಕಟಕಟ ಎನ್ನತೊಡಗಿತು. ಬೇರೆ ದಿನವಾಗಿದ್ದರೆ ನನ್ನ ಪಾಡಿಗೆ ನಾನು ಗೋಳಾಡಿಕೊಂಡು ಹೋಗುತ್ತಿದ್ದೆ. ಅವತ್ತು ಹೆದರಿಕೆಯಾಯಿತು. ನನಗೇ ಇಷ್ಟು ಚಳಿಯಾದರೆ ಎದೆಯ ಮೇಲಿನ ಆ ಗಸಗಸೆಯ ಗತಿ ಏನು? ಗಾಡಿಯ ಬುಟ್ಟಿಗೂ ನನಗೂ ಏನು ವ್ಯತ್ಯಾಸ ಉಳಿಯಿತು? ಜವರಮ್ಮ ಬಿಂದಿಗೆ ಹೊತ್ತ ದಾರಿ ಕಣ್ಣ ಮುಂದೆ ಬಂತು. ಹಿರೋಡೆ ಮುಟ್ಟುವ ಹೊತ್ತಿಗೆ ನಾನು ಅಳುವುದೊಂದು ಬಾಕಿ.

ಅವ್ವ ಬಾಗಿಲಲ್ಲೇ ಇದ್ದಳು. ನನ್ನ ಮುಖ ನೋಡಿ ಮೈ ಸರಿಯಿಲ್ಲವೇನೋ ಎಂದುಕೊಂಡಳು. ಎದೆಯ ಮೇಲೆ ಮೊಟ್ಟೆ ಇವೆ, ಬೆಚ್ಚಗಿರಬೇಕು ಎಂದೆ. ಅವ್ವನಿಗೆ ರೇಷ್ಮೆ ಹುಳ ಗೊತ್ತಿಲ್ಲ. ಕೋಳಿ ಗೊತ್ತು. ಎಷ್ಟೋ ಕೋಳಿಗಳನ್ನು ಕಾವಿಗೆ ಕೂರಿಸಿ ಮರಿ ಮಾಡಿಸಿದ ಕೈ ಅದು.

"ಕೋಳಿ ಕಾವು ಅಂದ್ರೆ ಜ್ವರ ಬಂದಂಗಿರ್ತದೆ ಕಣ್ಲಾ ಮಗಾ. ನಿನ್ ಮೈ ನೋಡು, ಬಾವಿ ಕಲ್ಲಾಗದೆ," ಎಂದಳು. "ನಿಂತ್ಕೊ ಅಲ್ಲೇ."

ಒಳಗೆ ಹೋದವಳು ದಿನದ ಹಾಗೆ ಒಂದು ಮುದ್ದೆ ತರಲಿಲ್ಲ. ಮನೆ ಮಂದಿಗೆಲ್ಲ ಕಟ್ಟಿಟ್ಟಿದ್ದ ಮುದ್ದೆಗಳನ್ನೆಲ್ಲ ತಂದಳು. ಎಲೆ ಸುತ್ತಿ, ಬಟ್ಟೆ ಸುತ್ತಿ, ಅಂಗಿಯ ಮೇಲೆ ಎದೆಯ ಎರಡು ಕಡೆಗೂ, ಹೊಟ್ಟೆಗೂ, ಬೆನ್ನಿಗೂ ಕಟ್ಟಿ, ಅದರ ಮೇಲೆ ತನ್ನ ಹಳೆಯ ಸೀರೆಯನ್ನು ಸುತ್ತಿ ಬಿಗಿದಳು. ಹೆಚ್ಚು ಬಿಸಿ ಬೇಡವೆಂದು ರೇಷ್ಮೆ ಮನೆಯ ಮುದುಕರು ಹೇಳಿದ್ದನ್ನು ನಾನು ಹೇಳಿದೆ. ಮೊಟ್ಟೆಗೆ ಹೆಚ್ಚು ಬಿಸಿ ಎಂಬುದು ಇರುತ್ತದೆಯೇ ಎಂದು ಕೇಳಿದಳು. ಆ ಬಿಸಿ ಮೈಗೆ ಹತ್ತುತ್ತಿದ್ದಾಗ ವಾದ ಮಾಡುವ ಶಕ್ತಿ ನನಗಿರಲಿಲ್ಲ. ನಡುಗೋಡೆಯನ್ನೇ ಕಿತ್ತು ಮೈಗೆ ಕಟ್ಟಿಕೊಂಡ ಹಾಗಿತ್ತು. ಅಪ್ಪ ಅವತ್ತು ಬೆಳಿಗ್ಗೆ ಏನು ಉಂಡನೋ, ಇವತ್ತಿನವರೆಗೂ ನಾನು ಕೇಳಿಲ್ಲ.

ಆಮೇಲಿನ ದಾರಿಯ ಸುಖ ಹೇಳತೀರದು. ಜೀವಮಾನದಲ್ಲಿ ಮೊದಲ ಸಲ ಮಾರ್ಗಶಿರದ ಬೆಳಗನ್ನು ಕಣ್ಣು ಬಿಟ್ಟು ನೋಡಿದೆ. ಹೊಲದ ಬದುವಿನಲ್ಲಿ ಅವರೆ ಹೂ ಬಿಟ್ಟಿತ್ತು, ಜೇಡರ ಬಲೆಯ ಮೇಲೆ ಇಬ್ಬನಿ ಕೂತಿತ್ತು. ಇವೆಲ್ಲ ಪ್ರತಿ ವರ್ಷವೂ ಇದ್ದವಂತೆ, ನನಗೆ ಕೊಪ್ಪೆಯ ಒಳಗಿನಿಂದ ಕಂಡಿರಲಿಲ್ಲ. ಒಂದು ಹಾಡನ್ನೂ ಗುನುಗಿದೆ. ಮೇಲುಕೋಟೆ ಬೆಟ್ಟದ ಮಗ್ಗುಲಿಗೆ ಬಂದಾಗ ಬಿಸಿಲು ಬಿತ್ತು. ಮುದ್ದೆಗಳು ಇನ್ನೂ ಆರಿರಲಿಲ್ಲ. ಅಲ್ಲಿಂದ ಸ್ವಲ್ಪ ಮುಂದೆ ಎದೆಯ ಮೇಲೆ ಏನೋ ತುರಿಸಿತು.

ಇರುವೆ ಎಂದುಕೊಂಡೆ. ಮುತ್ತುಗದ ಎಲೆಯ ಜೊತೆ ಬಂದಿರಬೇಕು. ಇನ್ನೊಂದು ಕಡೆ ತುರಿಸಿತು. ಕಂಕುಳ ಹತ್ತಿರ, ಕೊರಳ ಕೆಳಗೆ, ಎಲ್ಲೆಲ್ಲೂ ನವಿರಾಗಿ ಕಚಗುಳಿ. ಹೊಡೆದು ಸಾಯಿಸಿಬಿಡೋಣವೆಂದು ಅಂಗೈ ಎತ್ತಿದೆ. ಎತ್ತಿದ ಕೈ ಮೇಲೆಯೇ ನಿಂತಿತು. ಇರುವೆಯಾದರೆ ಇಷ್ಟು ಹೊತ್ತಿಗೆ ಕಚ್ಚಬೇಕಿತ್ತು. ಕೊರಳ ಹತ್ತಿರ ಅಂಗಿಯನ್ನು ಒಂದಿಷ್ಟೇ ಸರಿಸಿ ಗದ್ದ ಎದೆಗೆ ಒತ್ತಿ ನೋಡಿದೆ. ಕರಿ ಎಳ್ಳಿಗಿಂತ ಸಣ್ಣ, ಕೂದಲೆಳೆಯಂಥ ಒಂದು ಮರಿ ತಲೆ ಎತ್ತಿ ಆಡಿಸುತ್ತಾ ನನ್ನ ಎದೆಯ ರೋಮ ಹತ್ತುತ್ತಿತ್ತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಲೆಕ್ಕವಿಲ್ಲದಷ್ಟು. ಅವ್ವನ ಮುದ್ದೆಗಳು ಒಂದೆರಡು ದಿನದ ಕೆಲಸವನ್ನು ಒಂದು ಬೆಳಿಗ್ಗೆಗೇ ಮುಗಿಸಿದ್ದವು.

ಸಂತೋಷ ಪಡಬೇಕೋ ಕೂಗಿಕೊಳ್ಳಬೇಕೋ ತಿಳಿಯಲಿಲ್ಲ. ಹುಟ್ಟಿದ ಮರಿಗೆ ಬೇಗ ಎಳೆ ಸೊಪ್ಪು ಸಿಗಬೇಕು, ಇಲ್ಲದಿದ್ದರೆ ಒಣಗಿ ಸಾಯುತ್ತವೆ. ಕುದುರೆ ಓಡಿಸಿದರೆ ಅಂಗಿ ತಿಕ್ಕಿ ಮರಿ ಅರೆದುಹೋಗುತ್ತವೆ. ನಿಧಾನ ಹೋದರೆ ಹಸಿವಿಗೆ ಹೋಗುತ್ತವೆ. ಕೆರೆದುಕೊಳ್ಳುವ ಹಾಗಿಲ್ಲ, ಜೋರಾಗಿ ಉಸಿರಾಡುವ ಹಾಗಿಲ್ಲ. ನೇರ ಬೆನ್ನು, ಎತ್ತಿದ ಗದ್ದ, ಕಣ್ಣಲ್ಲಿ ನೀರು, ಹೀಗೆ ನಾನು ಆ ಉಳಿದ ದಾರಿಯನ್ನು ಕಳೆದೆ. ಎದುರಿಗೆ ಸಿಕ್ಕಿದ ಗಾಡಿಯವನೊಬ್ಬ ನನ್ನ ಗತ್ತು ನೋಡಿ ಗಾಡಿಯನ್ನು ಪಕ್ಕಕ್ಕೆ ಹೊಡೆದು ಕೈ ಮುಗಿದ. ಆಶೀರ್ವಾದ ಮಾಡಲೂ ನನ್ನಿಂದಾಗಲಿಲ್ಲ.

ಊರು ಮುಟ್ಟಿದಾಗ ಬೋರೇಗೌಡ ಗುದ್ದಲಿ ಹಿಡಿದು ತೋಟದ ಬದುವಿನ ಮೇಲೆ ಕೂತಿದ್ದ. ಮೊಟ್ಟೆ ಬರುವ ದಿನವೆಂದು ಅವನಿಗೂ ಗೊತ್ತಿತ್ತು. ನನ್ನ ಕೈಯಲ್ಲಿ ಬುಟ್ಟಿ ಇಲ್ಲದ್ದನ್ನು ನೋಡಿ ಎದ್ದು ಗುದ್ದಲಿ ಹೆಗಲಿಗೆ ಹಾಕಿ ನನ್ನ ಹಿಂದೆಯೇ ಬಂದ. ಜವರಮ್ಮ ಜಗಲಿಯ ಮೇಲೆ ಇದ್ದಳು. ಅವಳೂ ಮೊದಲು ನೋಡಿದ್ದು ನನ್ನ ಕೈಗಳನ್ನೇ. ಮರಿ ಆಗಿವೆ, ಎದೆಯ ಮೇಲಿವೆ, ಬೇಗ ಸೊಪ್ಪು ತಾ ಎಂದೆ. ಒಳಗಿನಿಂದ ಈಳಿಗೆ ಮಣೆ ತಂದು, ತೋಟಕ್ಕೆ ಓಡಿ ಒಂದು ಮಡಿಲು ಚಿಗುರು ಕಿತ್ತು ತಂದು, ಪಲ್ಯಕ್ಕೂ ಅಷ್ಟು ಸಣ್ಣಗೆ ಹೆಚ್ಚುವುದಿಲ್ಲ, ಅಷ್ಟು ಸಣ್ಣಗೆ ಹೆಚ್ಚಿದಳು.

ಆಮೇಲೆ ಶುರುವಾಯಿತು ನನ್ನ ಪಾಡು. ಮರಿಗಳು ಬಟ್ಟೆಯ ಮೇಲಷ್ಟೇ ಇದ್ದಿದ್ದರೆ ಬಟ್ಟೆ ತೆಗೆದುಕೊಟ್ಟು ಕೈ ತೊಳೆದುಕೊಳ್ಳಬಹುದಿತ್ತು. ಅವು ನನ್ನ ಮೈಮೇಲೆಲ್ಲ ಹಬ್ಬಿದ್ದವು. ನನ್ನ ಎದೆಯ ರೋಮದ ವಿಷಯ ಹೇಳಲಿಲ್ಲ ಅಲ್ಲವೇ? ಒಂದು ಆಡನ್ನು ಮೇಯಿಸಬಹುದು, ಅಷ್ಟಿದೆ. ಅದರೊಳಗಿನ ಕರಿ ಚುಕ್ಕೆಗಳು ಮನೆಯ ಕತ್ತಲಲ್ಲಿ ಕಾಣುವುದಿಲ್ಲವೆಂದು ನನ್ನನ್ನು ಜಗಲಿಯ ಅಂಚಿನಲ್ಲೇ ಕೂರಿಸಿದಳು. ಕಂಬಳಿ ತೆಗೆದಳು, ಮುದ್ದೆ ಬಿಚ್ಚಿದಳು, ಅಂಗಿ ತೆಗೆದಳು. ಬಿಸಿಲಿತ್ತು, ಆದರೆ ಬೆಟ್ಟದ ಕಡೆಯಿಂದ ಗಾಳಿಯೂ ಎದ್ದಿತ್ತು. ಒಲೆಯ ಹತ್ತಿರ ಹೋಗೋಣವೆಂದರೆ ಹೊಗೆ. ಹುಟ್ಟಿದಂದಿನಿಂದ ಚಳಿಗೆ ಓಡಿ ಅವಿತುಕೊಂಡ ನಾನು ಊರ ನಡುವೆ ಬರಿ ಮೈಯಲ್ಲಿ ಕೂತಿದ್ದೆ. ಜನ ಸೇರಿದರು. ನಗು, ತಮಾಷೆ. ಜವರಮ್ಮ ಯಾರ ಕಡೆಯೂ ನೋಡಲಿಲ್ಲ. ಹೆಚ್ಚಿದ ಸೊಪ್ಪನ್ನು ನನ್ನ ಎದೆಯ ಮೇಲೆ ಚಿಟಿಕೆ ಚಿಟಿಕೆಯಾಗಿ ಇಟ್ಟು, ಮರಿ ಅದರ ವಾಸನೆಗೆ ಬಂದು ಹತ್ತಿದ ಮೇಲೆ ಕೋಳಿ ಪುಕ್ಕದಲ್ಲಿ ಮೆಲ್ಲಗೆ ಮೊರಕ್ಕೆ ಇಳಿಸಿಕೊಳ್ಳುತ್ತಿದ್ದಳು.

"ನಡುಗ್‌ಬ್ಯಾಡ ಕಣಪ್ಪ, ಮರಿ ಉದುರೋಯ್ತವೆ," ಎಂದಳು.

ನಡುಗಬೇಡ ಎಂದರೆ ನಡುಗದೆ ಇರುವ ಮೈ ನನ್ನದಲ್ಲ. ಹಲ್ಲು ಕಚ್ಚಿದೆ, ಮುಷ್ಟಿ ಬಿಗಿದೆ, ಕುಲುಮೆಯನ್ನು ನೆನೆಸಿಕೊಂಡೆ. ಯಾವುದೂ ಫಲಿಸಲಿಲ್ಲ. ಮೈಯೆಲ್ಲ ಮುಳ್ಳೆದ್ದು ಭುಜ ತಾನಾಗಿ ಅದುರತೊಡಗಿತು. ಒಂದು ಮರಿ ನೆಲಕ್ಕೆ ಬಿತ್ತು. ಜವರಮ್ಮನ ಮುಖ ಬಿಳಿಚಿಕೊಂಡಿತು. ನನಗೆ ನನ್ನ ಮೇಲೇ ಸಿಟ್ಟು ಬಂತು, ಅಳುವೂ ಬಂತು.

ಅಷ್ಟರಲ್ಲಿ ಗಾಳಿ ನಿಂತಿತು. ತಲೆ ತಿರುಗಿಸದೆ ಕಣ್ಣು ಮಾತ್ರ ಆ ಕಡೆ ಹೊರಳಿಸಿದೆ. ಬೋರೇಗೌಡ ಗುದ್ದಲಿಯನ್ನು ಗೋಡೆಗೆ ಒರಗಿಸಿ, ತಾನು ಹೊದ್ದಿದ್ದ ಕಂಬಳಿಯನ್ನು ಎರಡು ಕೈಯಲ್ಲೂ ಅಗಲವಾಗಿ ಬಿಡಿಸಿ ಹಿಡಿದು ಗಾಳಿ ಬರುವ ಕಡೆ ನಿಂತಿದ್ದ. ಅವನ ಮೈಮೇಲೂ ಈಗ ಒಂದು ತೆಳು ಅಂಗಿಯಷ್ಟೆ. ಅವನು ನನ್ನನ್ನು ನೋಡುತ್ತಿರಲಿಲ್ಲ, ಅತ್ತಿಗೆಯನ್ನೂ ನೋಡುತ್ತಿರಲಿಲ್ಲ. ಮೊರದಲ್ಲಿ ಆ ಎಳ್ಳಿನಂಥ ಮರಿಗಳು ಎಲೆಯ ಅಂಚಿಗೆ ಬಾಯಿ ಹಾಕಿ, ಕಂಡೂ ಕಾಣದ ಹಾಗೆ ಕೊರೆದು ತಿನ್ನುವುದನ್ನೇ ನೋಡುತ್ತಿದ್ದ. ತುಂಬಾ ಹೊತ್ತು ಹಾಗೇ ಕೈ ಚಾಚಿ ನಿಂತ. ಕೈ ಸೋತಾಗಲೂ ಇಳಿಸಲಿಲ್ಲ.

ಕೊನೆಯ ಮರಿ ಮೊರಕ್ಕೆ ಇಳಿದ ಮೇಲೆ ಜವರಮ್ಮ ಮಡಿಲಿನಲ್ಲಿ ಉಳಿದ ಸೊಪ್ಪನ್ನು ನೋಡಿಕೊಂಡಳು. ಒಂದೆರಡು ಎಲೆ ಇದ್ದವು. ಬೋರೇಗೌಡನೂ ನೋಡಿದ. ಕಂಬಳಿಯನ್ನು ತಂದು ನನ್ನ ಹೆಗಲ ಮೇಲೆ ಹಾಕಿದ.

"ಅತ್ಗೆ, ಇಷ್ಟು ಸೊಪ್ಪು ಎಲ್ಲಿ ಸಾಕಾದದು. ನಾನೋಗಿ ಒಂದೀಟು ಕೊಯ್ಕೊಂಡು ಬರ್ಲಾ?"

ಜವರಮ್ಮ ಮೊರದ ಮೇಲಿನಿಂದ ತಲೆ ಎತ್ತಲಿಲ್ಲ. ಕಣ್ಣೀರು ಮರಿಗಳ ಮೇಲೆ ಬೀಳದಿರಲೆಂದು ಮುಖವನ್ನು ಒಂದು ಪಕ್ಕಕ್ಕೆ ಹಿಡಿದಿದ್ದಳು.

"ಎಳೇದ್ನೇ ನೋಡಿ ಕೊಯ್ಯಿ, ಬೋರ," ಎಂದಳು. "ಬೇರು ಅಲ್ಲಾಡಿಸ್‌ಬ್ಯಾಡ."